ಎರಡನೇ ಸ್ಥಾನದ ಬೂಟು

ದಾದಾಪೀರ್ ಬೂಟನ್ನು ಮೇಜಿನ ಎತ್ತರದಿಂದ ಕೆಳಗೆ ಬಿಟ್ಟ. ಅದು ನೆಲ ಮುಟ್ಟಿದ್ದೇ ತಡ, ಚಂಗನೆ ಹಾರಿ ವರ್ಕ್‌ಶಾಪಿನ ತಗಡಿಗೆ ಢಣ್ಣೆಂದು ಬಡಿಯಿತು. ವಾಪಸು ಬರುವಾಗ ಕೊಟ್ರಮ್ಮನ ಮಡಿಲಲ್ಲಿದ್ದ ಖಾರ ಮಂಡಕ್ಕಿಯ ಪೊಟ್ಟಣದಲ್ಲಿ ತಲೆಕೆಳಗಾಗಿ ಕೂತಿತು.

“ಕಂಡ್ರೇನು?” ಎಂದ ದಾದಾಪೀರ್, ಎರಡೂ ಕೈ ಸೊಂಟಕ್ಕೆ ಕೊಟ್ಟು.

“ಮಂಡಕ್ಕಿ ಹೋತು,” ಎಂದಳು ಕೊಟ್ರಮ್ಮ.

“ತಂಗಿ, ಮಂಡಕ್ಕಿ ನೋಡಬ್ಯಾಡ, ವಿಜ್ಞಾನ ನೋಡು. ಬಿಟ್ಟಿದ್ದು ಮೂರಡಿಯಿಂದ, ಹಾರಿದ್ದು ಹತ್ತಡಿ. ಇದನ್ನ ಹಾಕ್ಕಂಡು ನಿನ್ನ ಗಂಡ ಓಡಿದ ಅಂದ್ರೆ ಏನಾಗ್ತದೆ, ಯೋಚನೆ ಮಾಡು.”

“ತಲೆ ತಗಡಿಗೆ ಬಡೀತದೆ.”

ಮುರಿಗೆಪ್ಪ ಇಬ್ಬರ ಮಾತಿಗೂ ಕಿವಿ ಕೊಡಲಿಲ್ಲ. ಹೆಂಡತಿಯ ಮಡಿಲಿಂದ ಬೂಟನ್ನು ಎತ್ತಿ, ಒಳಗಿದ್ದ ಮಂಡಕ್ಕಿ ಕೊಡವಿ, ಮೂಗಿನ ಹತ್ತಿರ ಹಿಡಿದ. ಹೊಸ ಅಂಟಿನ ಘಾಟು ಹೊಡೆಯುತ್ತಿತ್ತು. ಅದರ ಅಡಿಯಲ್ಲೆಲ್ಲೋ ಇನ್ನೊಂದು ವಾಸನೆ ಇತ್ತು. ಬೆವರು, ಕ್ಯಾನ್ವಾಸಿಗೆ ಬಳಿಯುವ ಸುಣ್ಣ, ಹತ್ತಿಯ ಧೂಳು. ಅರವತ್ನಾಲ್ಕು ವರ್ಷದ ಅವನು ಕಣ್ಣು ಮುಚ್ಚಿ ಇನ್ನೊಂದು ಸಲ ಮೂಸಿದ.

ದಾದಾಪೀರನ ವರ್ಕ್‌ಶಾಪು ಇರುವುದು ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹಿಂದಿನ ಓಣಿಯಲ್ಲಿ. ಒಂದು ಕಾಲಕ್ಕೆ ಅದು ಅವನ ಅಪ್ಪನ ಸೈಕಲ್ ಅಂಗಡಿ. ಈಗ ಅಲ್ಲಿ ಒಡೆದ ನೀರಿನ ಟ್ಯಾಂಕಿಗೆ ತೇಪೆ ಬೀಳುತ್ತದೆ, ಆಟೋಗಳಿಗೆ ಫೈಬರ್ ಬಂಪರ್ ತಯಾರಾಗುತ್ತದೆ. ಅದು ಹೊಟ್ಟೆಪಾಡು. ಉಳಿದ ಹೊತ್ತೆಲ್ಲ ಸಂಶೋಧನೆ. ಮಿರ್ಚಿಯನ್ನು ತಾನೇ ಎಣ್ಣೆಗೆ ಬಿಟ್ಟು ತಾನೇ ಮಗುಚುವ ಯಂತ್ರವನ್ನು ಅವನು ಮಾಡಿದ್ದ. ಅದು ಮಿರ್ಚಿಗಳನ್ನು ಎಷ್ಟು ಉತ್ಸಾಹದಿಂದ ಮಗುಚಿತೆಂದರೆ ಎದುರು ಮನೆಯ ಗೋಡೆಯ ಮೇಲೆ ಇವತ್ತಿಗೂ ಎಣ್ಣೆಯ ಕಲೆಗಳಿವೆ. ಆಮೇಲೆ ಕುಕ್ಕರಿನ ಸೀಟಿ ಎಣಿಸಿ ಗ್ಯಾಸು ಆರಿಸುವ ಪೆಟ್ಟಿಗೆ ಮಾಡಿ ಕೊಟ್ರಮ್ಮನಿಗೆ ಉಡುಗೊರೆ ಕೊಟ್ಟ. ಅದು ರೈಲಿನ ಸೀಟಿಯನ್ನೂ ಲೆಕ್ಕಕ್ಕೆ ಹಿಡಿಯುತ್ತಿತ್ತು. ರೈಲು ಹೋದಾಗಲೆಲ್ಲ ಮುರಿಗೆಪ್ಪನ ಮನೆಯಲ್ಲಿ ಬೇಳೆ ಬೇಯದೆ ಉಳಿಯುತ್ತಿತ್ತು.

ಈ ಬೂಟು ಮಾತ್ರ ಬೇರೆ ಥರದ್ದು ಎಂದು ಅವನು ಆಣೆ ಮಾಡಿದ.

“ಪ್ಯಾಟ್ಯಾಗೆ ಸಿಗೋ ಬೂಟಿನಾಗೂ ಕಾರ್ಬನ್ ಪ್ಲೇಟು ಇರ್ತದೆ. ಚಮಚದಂಗೆ ಬಾಗಿರ್ತದೆ, ಕಾಲು ಊರಿದ್ರೆ ಮುಂದಕ್ಕೆ ತಳ್ಳತದೆ. ಆದ್ರೆ ಅದು ದಡ್ಡ ಪ್ಲೇಟು. ಯಾರು ಹಾಕ್ಕಂಡ್ರೂ ಒಂದೇ ಥರ ತಳ್ಳತದೆ. ನಂದು ಓದಿದ ಪ್ಲೇಟು.”

“ಎಷ್ಟನೇ ಕ್ಲಾಸು?” ಕೊಟ್ರಮ್ಮ ಕೇಳಿದಳು.

“ನಗಬ್ಯಾಡ ತಂಗಿ. ಸವೆದ ಬೂಟಿನ ಅಡಿ ನೋಡೀಯೇನು? ಎಲ್ಲಿ ಜೋರಾಗಿ ಊರಿದ, ಎಲ್ಲಿ ತಿರುಗಿದ, ಎಲ್ಲಿ ನಿಂತ, ಎಲ್ಲಾ ಅದರ ಮ್ಯಾಲೆ ಬರೆದಿರ್ತದೆ. ಕಾರ್ಬನ್ ಬಟ್ಟೆಗೆ ಹಚ್ಚೋ ಅಂಟಿನಾಗೆ ನಾನು ಒಂದು ಔಷಧಿ ಕಂಡುಹಿಡಿದು ಬೆರೆಸೀನಿ. ಹಸಿ ಪ್ಲೇಟಿಗೆ ಹಳೇ ಬೂಟಿನ ಅಡಿ ಒತ್ತಿಟ್ಟು, ಎರಡು ದಿನ ಮಂಡಕ್ಕಿ ಭಟ್ಟಿಯಾಗೆ ಬೇಯಿಸಿದೆ. ಅಡಿ ಮ್ಯಾಲೆ ಬರೆದಿದ್ದನ್ನೆಲ್ಲ ಪ್ಲೇಟು ಓದಿಕೊಂತು.”

“ಯಾರ ಬೂಟಲೇ ಅದು?” ಎಂದ ಮುರಿಗೆಪ್ಪ.

“ನಂದೇ. ಟ್ರಂಕಿನಾಗಿತ್ತು. ನಿಂದು ಆವಾಗ್ಲೇ ಹರಿದು ಹೋಗಿತ್ತಲ್ಲ. ನಮ್ಮಿಬ್ಬರ ಪಾದ ಒಂದೇ ಅಳತೆ. ಇಪ್ಪತ್ತೊಂದನೇ ವಯಸ್ಸಿನ ಓಟ ಇದರಾಗೈತೆ ನೋಡು ಮುರಿಗಿ. ನನ್ನ ಸೊಂಟದಾಗೆ ಸ್ಟೀಲು ಐತೆ, ಇಲ್ಲಾಂದ್ರೆ ನಿಂಗ್ಯಾಕೆ ಕೊಡ್ತಿದ್ದೆ?”

ಮುರಿಗೆಪ್ಪನಿಗೆ ಆ ಬೂಟು ಬೇಕೇ ಬೇಕಾಗಿತ್ತು. ಕಾರಣ ವಾಮದೇವಪ್ಪ.

ವಾಮದೇವಪ್ಪ ನಿವೃತ್ತ ಬ್ಯಾಂಕ್ ಮ್ಯಾನೇಜರು. ಬೆಳಿಗ್ಗೆ ಪಾರ್ಕಿನಲ್ಲಿ ಸಿಗುವವರು. ಕೈಗೊಂದು ಗಡಿಯಾರ ಕಟ್ಟಿಕೊಂಡು, ನಾಡಿ ಎಷ್ಟು ಹೊಡೆಯಿತು, ಹೆಜ್ಜೆ ಎಷ್ಟು ಬಿತ್ತು ಎಂದು ಎಲ್ಲರಿಗೂ ವರದಿ ಕೊಡುವವರು. ಹೋದ ವರ್ಷ ಊರಿನ ಓಟಗಾರರ ಸಂಘದ ಹತ್ತು ಕಿಲೋಮೀಟರ್ ಓಟದಲ್ಲಿ ಅರವತ್ತು ದಾಟಿದವರ ಪೈಕಿ ಅವರೇ ಮೊದಲು ಬಂದಿದ್ದರು. ಮುರಿಗೆಪ್ಪ ಒಂದು ದಿನ ಕಲ್ಲುಬೆಂಚಿನ ಮೇಲೆ ಕೂತು ತನ್ನ ಕಾಲದ ಮಿಲ್ಲಿನ ಓಟದ ಕತೆ ಹೇಳುತ್ತಿದ್ದಾಗ, ಅವರು ಬಗ್ಗಿ ಬೂಟಿನ ದಾರ ಕಟ್ಟುತ್ತಾ, “ಅಲ್ಲ ಮುರಿಗೆಪ್ಪನವರೇ, ಆ ಓಟದಲ್ಲಿ ಒಟ್ಟು ಎಷ್ಟು ಜನ ಇದ್ರು? ಇಬ್ರಾ, ಮೂವರಾ?” ಎಂದಿದ್ದರು. ಬೆಂಚಿನ ಮೇಲಿದ್ದವರೆಲ್ಲ ನಕ್ಕಿದ್ದರು.

ಮುರಿಗೆಪ್ಪ ಅವತ್ತು ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. ಮಾರನೆಯ ದಿನವೇ ಈ ವರ್ಷದ ಓಟಕ್ಕೆ ಹೆಸರು ಕೊಟ್ಟ.

ನಲವತ್ತಮೂರು ವರ್ಷದ ಹಿಂದೆ ಆ ಓಟದಲ್ಲಿ ಎಪ್ಪತ್ತೆರಡು ಜನ ಇದ್ದರು. ಹತ್ತಿ ಮಿಲ್ಲಿನ ಮೂರು ಪಾಳಿಯ ಹುಡುಗರು, ಬೀದಿಯ ಹುಡುಗರು, ಕೆಲಸಕ್ಕೆ ಕಾದಿದ್ದ ಬದಲಿ ಕಾರ್ಮಿಕರು ಎಲ್ಲರೂ ಸೇರಿದ್ದರು. ಗೆದ್ದವನಿಗೆ ಬೆಳ್ಳಿಯ ಕಪ್ಪು, ಜೊತೆಗೆ ಮಿಲ್ಲಿನಲ್ಲಿ ಕಾಯಂ ಕೆಲಸ. ಅದಕ್ಕಾಗಿ ಮುರಿಗೆಪ್ಪ, ದಾದಾಪೀರ್ ಇಬ್ಬರೂ ಒಂದು ವರ್ಷ ಓಡಿದ್ದರು. ಬೆಳಗಿನ ಐದರ ಪಾಳಿಗೆ ಮಿಲ್ಲಿನ ಸೈರನ್ ಕೂಗುತ್ತಲೇ ಸೈಕಲ್ ಅಂಗಡಿಯ ಮುಂದೆ ಸೇರುವುದು. ಕತ್ತಲು ಹರಿಯುವಷ್ಟರಲ್ಲಿ ಪಿ.ಬಿ. ರಸ್ತೆ ಹಿಡಿದು ಮೂರು ಮೈಲಿ ಹೋಗಿ ವಾಪಸು ಬರುವುದು. ತಲೆಗೂದಲ ಮೇಲೆ ಹತ್ತಿಯ ನಾರು ಹೊತ್ತು ಪಾಳಿ ಮುಗಿಸಿ ಬರುವವರು ಇವರನ್ನು ನೋಡಿ, “ಯಾರ ಮನೆ ಕೋಳಿ ಕದ್ದೀರಲೇ?” ಎಂದು ಕೂಗುತ್ತಿದ್ದರು. ಆಗ ಎದೆಯೊಳಗೆ ಗಾಳಿ ಎಷ್ಟು ಬೇಕಾದರೂ ಹಿಡಿಸುತ್ತಿತ್ತು. ಓಡಿ ಬಂದು ಭಟ್ಟಿಯ ಬಾಗಿಲಲ್ಲಿ ನಿಂತರೆ ಯಾರಾದರೂ ಬಿಸಿ ಮಂಡಕ್ಕಿಯನ್ನು ಬೊಗಸೆಗೆ ಸುರಿಯುತ್ತಿದ್ದರು.

ಇಬ್ಬರಲ್ಲಿ ದಾದಾಪೀರನೇ ವೇಗಿ. ಅದು ಓಣಿಗೆಲ್ಲ ಗೊತ್ತಿತ್ತು. ಓಟದ ದಿನವೂ ಅವನೇ ಮುಂದಿದ್ದ. ಆದರೆ ಹತ್ತಿಯಿಂದ ಬೀಜ ಬಿಡಿಸುವ ಹಳೆಯ ಜಿನ್ನಿಂಗ್ ಫ್ಯಾಕ್ಟರಿಯ ತಿರುವಿನಲ್ಲಿ ಎತ್ತಿನಗಾಡಿಗಳ ಸಾಲು ಅಡ್ಡ ಬಂದು, ದಾರಿ ತಪ್ಪಿ ಬೇರೆ ಓಣಿಗೆ ನುಗ್ಗಿಬಿಟ್ಟ. ಅವನು ವಾಪಸು ಬರುವಷ್ಟರಲ್ಲಿ ಮುರಿಗೆಪ್ಪ ಮುಂದಾಗಿದ್ದ. ದಾದಾಪೀರ್ ಎರಡನೆಯವನಾದ. ಕಪ್ಪೂ ಕೆಲಸವೂ ಮುರಿಗೆಪ್ಪನದಾದವು. ಹತ್ತಿಯ ಧೂಳಿಗೆ ಎದೆ ಹೋಗಿ ಅವನ ಅಪ್ಪ ಮನೆ ಹಿಡಿದಿದ್ದ ಕಾಲ ಅದು. ಕೆಲಸ ಸಿಕ್ಕ ತಿಂಗಳಲ್ಲೇ ಕೊಟ್ರಮ್ಮನ ಅಪ್ಪ ಹೆಣ್ಣು ಕೊಡಲು ಒಪ್ಪಿದರು. ಮಿಲ್ಲು ಮುಚ್ಚಿ ಎಷ್ಟೋ ವರ್ಷವಾದರೂ, ತಾನೊಮ್ಮೆ ಗೆದ್ದಿದ್ದೆ ಎಂಬುದು ಮುರಿಗೆಪ್ಪನ ಬೆನ್ನನ್ನು ನೆಟ್ಟಗೆ ಇಟ್ಟಿತ್ತು.

ಮಾರನೆಯ ಬೆಳಿಗ್ಗೆ ಪರೀಕ್ಷೆ. ಬೂಟು ಹಾಕಿಕೊಂಡು ಎದ್ದು ನಿಂತಾಗ ಮುರಿಗೆಪ್ಪ ಎರಡು ಇಂಚು ಎತ್ತರವಾಗಿದ್ದ. ಮೊದಲ ನೂರು ಹೆಜ್ಜೆ ಮಾಮೂಲಿನಂತೆ ಇತ್ತು. ಪ್ಲೇಟು ಬಿಸಿಯಾಗುತ್ತಲೇ ಕಾಲುಗಳು ಹಗುರಾದವು. ಅವನು ಓಡುತ್ತಿರಲಿಲ್ಲ, ಯಾರೋ ಓಡಿಸುತ್ತಿದ್ದರು. ಹಾಲಿನ ಬೂತು, ಬಸ್ ನಿಲ್ದಾಣ, ಹೈಸ್ಕೂಲು ಮೈದಾನ ಸರಸರನೆ ಹಿಂದೆ ಸರಿದವು. ಹಿಂದಿನಿಂದ ತನ್ನ ಮೊಪೆಡ್ಡಿನಲ್ಲಿ ಬರುತ್ತಿದ್ದ ದಾದಾಪೀರ್, “ನಲವತ್ತು ದಾಟ್ತು ಕಣಲೇ, ನಲವತ್ತು!” ಎಂದು ಕೂಗಿದ. ಅದು ಮೊಪೆಡ್ಡಿನ ವೇಗವೋ, ಬೂಟಿನದೋ, ಇಲ್ಲ ಅದರ ಕೆಟ್ಟ ಮೀಟರಿನದೋ ತಿಳಿಯಲಿಲ್ಲ.

ಅಷ್ಟರಲ್ಲಿ ಬೂಟು ಗಕ್ಕನೆ ನಿಂತಿತು.

ನಿಂತದ್ದು ಒಂದು ದೊಡ್ಡ ಸೀರೆ ಅಂಗಡಿಯ ಮುಂದೆ. ಆಗತಾನೇ ಬಾಗಿಲು ತೆಗೆದು ಕಸ ಹೊಡೆಯುತ್ತಿದ್ದರು. ಮುರಿಗೆಪ್ಪನ ಕಾಲುಗಳು ಒಂದು ಹೆಜ್ಜೆ ಮುಂದಿಟ್ಟವು, ನಿಂತವು. ಇನ್ನೊಂದು ಹೆಜ್ಜೆ ಇಟ್ಟವು, ಮತ್ತೆ ನಿಂತವು. ನಡುವೆ ಒಮ್ಮೆ ಎಡಕ್ಕೆ ಜೋರಾಗಿ ನೂಕಿದವು. ಹೀಗೆ ಹತ್ತು ನಿಮಿಷದಲ್ಲಿ ಅವನು ಅಂಗಡಿಯೊಳಗೆ ಹೋಗಿ ಗಲ್ಲಾದ ಮುಂದೆ ನಿಂತಿದ್ದ.

“ಏನು ತೋರಿಸಲಿ ಅಜ್ಜಾರೇ?” ಎಂದ ಅಂಗಡಿಯವನು.

“ಏನೂ ಬ್ಯಾಡಪ್ಪಾ,” ಎಂದ ಮುರಿಗೆಪ್ಪ, ನಾಚಿಕೆಯಿಂದ. ಆಮೇಲೆ ತಟ್ಟನೆ ನೆನಪಾಯಿತು. ಹಿಂದೆ ಅಲ್ಲಿ ಟಾಕೀಸು ಇತ್ತು. ಅವನು ನಿಂತ ಜಾಗದಲ್ಲಿ ಗಾಂಧಿ ಕ್ಲಾಸಿನ ಟಿಕೆಟ್ ಕಿಂಡಿ ಇತ್ತು. ಎಡಕ್ಕೆ ನೂಕಿದ್ದು, ಸಾಲು ಮುರಿದು ನುಗ್ಗುವವರನ್ನು ದಾದಾಪೀರ್ ಭುಜ ಕೊಟ್ಟು ತಳ್ಳುತ್ತಿದ್ದ ರೀತಿ.

ಹೊರಗೆ ಮೊಪೆಡ್ ನಿಲ್ಲಿಸಿಕೊಂಡಿದ್ದ ದಾದಾಪೀರನಿಗೂ ಅದೇ ಹೊತ್ತಿಗೆ ನೆನಪಾಗಿರಬೇಕು. ಅವನು ಬಾಗಿಲಲ್ಲಿ ನಿಂತು ಸೀರೆಗಳನ್ನು ನೋಡುತ್ತಾ, “ಕಿಂಡಿಯಾಗೆ ಕೈ ಹಾಕಿದ್ರೆ ವಾಚು ಕಿತ್ಕಂತಿದ್ರು, ನೆನಪೈತೇನು?” ಎಂದ.

“ನಮಗೆ ವಾಚೆಲ್ಲಿತ್ತಲೇ?”

“ಅದಕ್ಕೇ ನಾವು ಧೈರ್ಯವಾಗಿ ಹಾಕ್ತಿದ್ವಿ.”

ಅಲ್ಲಿಂದ ಬೂಟು ಇನ್ನೂ ಆರು ಕಡೆ ನಿಂತಿತು. ಮುಚ್ಚಿಹೋದ ಬಾವಿಯೊಂದರ ಜಾಗದಲ್ಲಿ ಕಟ್ಟೆ ಹತ್ತಲು ಕಾಲೆತ್ತಿತು. ಗರಡಿಮನೆಯಿದ್ದಲ್ಲಿ ಈಗಿರುವ ಮೊಬೈಲ್ ರಿಪೇರಿ ಅಂಗಡಿಯ ಮುಂದೆ ಹತ್ತು ಬಸ್ಕಿ ಹೊಡೆಸಿತು. ಕೊನೆಗೆ ವರ್ಕ್‌ಶಾಪಿನ ಹೊಸ್ತಿಲಿಗೆ ಎರಡು ಸಲ ಅಡಿ ಉಜ್ಜಿ ತಣ್ಣಗಾಯಿತು. ಮುರಿಗೆಪ್ಪನಿಗೆ ಮೊಣಕಾಲು ಕಿತ್ತು ಬರುವಂತಿತ್ತು. ಮುಖದ ಮೇಲೆ ಮಾತ್ರ ನಗು.

“ನೆನಪು ಸ್ವಲ್ಪ ಜಾಸ್ತಿಯಾಗೈತೆ,” ಎಂದು ದಾದಾಪೀರ್ ಒಪ್ಪಿಕೊಂಡ. “ಚಿಂತೆ ಮಾಡಬ್ಯಾಡ. ಯಾವ ದಾರಿಗೆ ಕಾಲಿಡ್ತೀಯೋ ಆ ದಾರೀದೇ ನೆನಪು ಬರ್ತದೆ. ಈ ಸಲದ ಓಟ ಇರೋದು ಹೊಸ ಬೈಪಾಸ್ ಕಡೆ. ಆ ರಸ್ತೆ ಆವಾಗ ಇರ್ಲೇ ಇಲ್ಲ. ನೆನಪೇ ಇಲ್ಲದ ಕಡೆ ಬರೇ ವೇಗ ಇರ್ತದೆ.”

ಕೊಟ್ರಮ್ಮ ಗಂಡನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾ, “ಸೀರೆ ಅಂಗಡಿ ಒಳಗೆ ಹೋಗಿ ಬರಿಗೈಯಾಗೆ ಬಂದ ಬೂಟನ್ನ ನಾನು ನಂಬಂಗಿಲ್ಲ,” ಎಂದಳು.

ಓಟದ ಭಾನುವಾರ ಮೈದಾನದ ತುಂಬ ಜನ. ಒಬ್ಬ ಹುಡುಗಿ ಬಂದು ಮುರಿಗೆಪ್ಪನ ಬೂಟಿನ ದಾರಕ್ಕೆ ಒಂದು ಎಲೆಕ್ಟ್ರಾನಿಕ್ ಚಿಪ್ ಕಟ್ಟಿದಳು. ಅದು ಗೆರೆ ದಾಟಿದ ಕೂಡಲೇ ಅಲ್ಲಿರುವ ಯಂತ್ರ ಕೀಂ ಎನ್ನುತ್ತದಂತೆ. ಹೆಸರು, ಸಮಯ ಎಲ್ಲ ಯಂತ್ರಕ್ಕೆ ಹೋಗುತ್ತದಂತೆ. ಪಕ್ಕದಲ್ಲಿ ವಾಮದೇವಪ್ಪ ಹೊಸ ಬಿಳಿ ಟೋಪಿ ಹಾಕಿಕೊಂಡು ಸೊಂಟ ತಿರುಗಿಸುತ್ತಿದ್ದರು.

ಆಗ ಮೈಕಿನಲ್ಲಿ ಹೇಳಿದರು: ಬೈಪಾಸ್ ರಸ್ತೆಯಲ್ಲಿ ಪೈಪು ಒಡೆದು ಅಗೆದಿರುವುದರಿಂದ ದಾರಿ ಬದಲಾಗಿದೆ. ಓಟ ಪಿ.ಬಿ. ರಸ್ತೆಯಲ್ಲಿ ಹೋಗಿ, ಹಳೇ ಜಿನ್ನಿಂಗ್ ಫ್ಯಾಕ್ಟರಿ ಬಳಸಿ, ಹಳೇ ಮಿಲ್ ಗೇಟಿದ್ದ ಜಾಗದಲ್ಲಿ ಮುಗಿಯುತ್ತದೆ.

ದಾದಾಪೀರನ ಮುಖದ ಬಣ್ಣ ಇಳಿಯಿತು. ಜನರನ್ನು ಸರಿಸಿಕೊಂಡು ಬಂದು ಮುರಿಗೆಪ್ಪನ ತೋಳು ಹಿಡಿದ.

“ಮುರಿಗಿ, ಬೂಟು ಬಿಚ್ಚು.”

“ಯಾಕಲೇ?”

“ಬಿಚ್ಚಂದ್ರೆ ಬಿಚ್ಚು. ಪ್ಲೇಟು ಸೀಳೈತೆ.”

“ಎಲ್ಲಿ ಸೀಳೈತೆ? ಬೆಳಿಗ್ಗೆ ನೀನೇ ಮುತ್ತು ಕೊಟ್ಟು ಕಾಲಿಗೆ ಹಾಕಿದಿ.”

“ಬರಿಗಾಲಾಗೆ ಓಡು. ನನ್ನ ಮಾತು ಕೇಳು. ಈ ದಾರಿ ಬ್ಯಾಡ.”

“ನಮ್ಮ ದಾರಿ ಕಣಲೇ ಇದು. ನಾನು ಗೆದ್ದ ದಾರಿ. ಇವತ್ತು ಈ ಮ್ಯಾನೇಜರಿಗೆ—”

ಪೀಪಿ ಊದಿದರು. ಮುರಿಗೆಪ್ಪನ ಕಾಲು ಅವನಿಗಿಂತ ಮೊದಲು ಹೊರಟಿತು.

ಮೊದಲ ನಾಲ್ಕು ಕಿಲೋಮೀಟರ್ ಅವನ ಬಾಳಿನ ಅತಿ ಸುಖದ ಹೊತ್ತು. ಪ್ಲೇಟು ಕಾವೇರಿದಂತೆ ಪಿ.ಬಿ. ರಸ್ತೆಯ ಹೋಟೆಲು, ಷೋರೂಮುಗಳೆಲ್ಲ ಕರಗಿ, ಎರಡೂ ಬದಿ ಬೇವಿನ ಮರಗಳು ನಿಂತಂತಾಯಿತು. ಉಸಿರು ತಾನಾಗಿಯೇ ಲಯ ಹಿಡಿಯಿತು. ಅರವತ್ತು ದಾಟಿದವರೆಲ್ಲ ಹಿಂದೆ ಬಿದ್ದರು. ವಾಮದೇವಪ್ಪ ಕೂಡ ಬಿಳಿ ಟೋಪಿಯಾಗಿ, ಬಿಳಿ ಚುಕ್ಕೆಯಾಗಿ, ಕೊನೆಗೆ ಕಾಣದಾದರು. ಹಿಂದೆ ಎಲ್ಲೋ ದಾದಾಪೀರನ ಮೊಪೆಡ್ ಸ್ಟಾರ್ಟ್ ಆಗಲು ಕೆಮ್ಮುತ್ತಿತ್ತು.

ಜಿನ್ನಿಂಗ್ ಫ್ಯಾಕ್ಟರಿಯ ತಿರುವು ಬಂತು. ಸ್ವಯಂಸೇವಕರು ಬಲಕ್ಕೆ ಕೈ ತೋರಿಸುತ್ತಿದ್ದರು. ಬೂಟು ಎಡಕ್ಕೆ ತಿರುಗಿತು.

“ಅಜ್ಜಾ, ಈ ಕಡೆ, ಈ ಕಡೆ,” ಎಂದು ಅವರು ಕೂಗಿದರು. ಮುರಿಗೆಪ್ಪ ಕಂಬವೊಂದನ್ನು ತಬ್ಬಿಕೊಂಡ. ಕಾಲುಗಳು ಅವನನ್ನು ಅದರಿಂದ ಬಿಡಿಸಿಕೊಂಡು ಹೋದವು. ದಾದಾಪೀರ್ ದಾರಿ ತಪ್ಪಿದ ಓಣಿ ಇದೇ, ಸರಿ, ಈಗ ಬೂಟೂ ತಪ್ಪುತ್ತಿದೆ ಎಂದು ಅವನು ಸಮಾಧಾನ ಮಾಡಿಕೊಂಡ. ತುದಿಯವರೆಗೆ ಓಡಿ, ತಪ್ಪು ಗೊತ್ತಾಗಿ, ವಾಪಸು ತಿರುಗುತ್ತದೆ.

ಬೂಟು ತುದಿಯವರೆಗೆ ಓಡಲಿಲ್ಲ. ಓಣಿಯಲ್ಲಿ ಇಪ್ಪತ್ತು ಹೆಜ್ಜೆ ಹಾಕಿ, ಫ್ಯಾಕ್ಟರಿಯ ಹಳೆಯ ಕಲ್ಲುಗೋಡೆಯ ಹಿಂದೆ ನಿಂತಿತು. ನಿಂತಲ್ಲೇ ಓಡತೊಡಗಿತು. ಎಡ, ಬಲ, ಎಡ, ಬಲ. ಆಮೇಲೆ ಹಿಮ್ಮಡಿ ಮೇಲೆದ್ದಿತು. ಮುರಿಗೆಪ್ಪ ತುದಿಗಾಲಲ್ಲಿ ನಿಂತಿದ್ದ. ಅವನ ಕಣ್ಣು ಗೋಡೆಯ ಮೇಲಂಚಿಗೆ ಸರಿಯಾಗಿ ಬಂದಿತ್ತು. ಗೋಡೆಯಾಚೆ ಓಟದ ರಸ್ತೆ ಉದ್ದಕ್ಕೂ ಕಾಣುತ್ತಿತ್ತು.

ಹಿಮ್ಮಡಿ ಇಳಿಯಿತು. ಎಡ, ಬಲ, ಎಡ, ಬಲ. ಮತ್ತೆ ತುದಿಗಾಲು. ಮತ್ತೆ ಗೋಡೆಯಾಚೆಯ ಇಣುಕು ನೋಟ.

ಮೂರನೇ ಸಲ ಇಣುಕುವಾಗ ಮುರಿಗೆಪ್ಪನಿಗೆ ಅರ್ಥವಾಯಿತು. ಅವತ್ತು ಈ ಕಾಲುಗಳು ಯಾರು ಬರುವುದನ್ನು ಕಾಯುತ್ತಿದ್ದವು ಎಂಬುದೂ ಅರ್ಥವಾಯಿತು.

ಮೊಪೆಡ್ ಓಣಿಗೆ ಬಂದು ನಿಂತಿತು. ದಾದಾಪೀರ್ ಇಳಿಯಲಿಲ್ಲ.

“ಎತ್ತಿನಗಾಡಿ ಅಂದಿದ್ದೆಯಲ್ಲಲೇ,” ಎಂದ ಮುರಿಗೆಪ್ಪ, ನಿಂತಲ್ಲೇ ಓಡುತ್ತಾ.

“ಗಾಡಿ ಇದ್ವು. ಮೂರೋ ನಾಕೋ.”

“ದಾರಿ ತಪ್ಪಿದೆ ಅಂದೆ.”

“ತಪ್ಪಿದೆ.”

“ಇದು ದಾರಿ ತಪ್ಪಿದವನ ಕಾಲಾ? ಕಾಯ್ತಾ ನಿಂತವನ ಕಾಲು ಇದು.” ಹಿಮ್ಮಡಿ ಎದ್ದಿತು. ಮುರಿಗೆಪ್ಪ ಗೋಡೆಯ ಮೇಲಿಂದ ರಸ್ತೆ ನೋಡಿ ಮತ್ತೆ ಕೆಳಗೆ ಬಂದ. “ನಲವತ್ತಮೂರು ವರ್ಷ ನಾನು ಊರಿಗೆಲ್ಲ ಹೇಳ್ಕಂಡು ತಿರುಗೀನಿ. ನೀನು ಪಕ್ಕದಾಗೆ ಕೂತು ತಲೆ ಆಡಿಸೀಯ. ನನ್ನ ಬಾಳಿನಾಗೆ ಗೆದ್ದಿದ್ದು ಅದೊಂದೇ.”

“ಅದಕ್ಕೇ ಹೇಳಲಿಲ್ಲ.”

“ಯಾರು ಕೇಳಿದ್ರು ನಿನ್ನ ದಾನ?”

ದಾದಾಪೀರ್ ಮೊಪೆಡ್ಡಿನ ಎಂಜಿನ್ ಆರಿಸಿದ. “ದಾನ ಅಂತ ಹೊರಟಿದ್ದಲ್ಲ ಮುರಿಗಿ. ಈ ತಿರುವಿಗೆ ಬರೋತಂಕ ನಾನು ಗೆಲ್ಲಬೇಕಂತಲೇ ಓಡ್ತಿದ್ದೆ. ತಿರುವಿನಾಗೆ ನಿಮ್ಮಪ್ಪ ನಿಂತಿದ್ದ. ಎದ್ದು ಓಡಾಡಬಾರದು ಅಂದ್ರೂ ಕೇಳದೆ, ಕಂಬಳಿ ಹೊದ್ದು, ಕಟ್ಟೆಗೆ ಒರಗಿಕೊಂಡು. ನನ್ನ ನೋಡಿದ ಕೂಡಲೇ ಕೆಮ್ಮಿಕೋತ ಕೈ ಎತ್ತಿ, ‘ಓಡೋ ದಾದು, ಶಭಾಷ್’ ಅಂದ. ಮಗ ಹಿಂದೆ ಬಿದ್ದಾನೆ ಅಂತ ಗೊತ್ತಿದ್ದೂ ಅಂದ. ಆಮೇಲೆ ಕಾಲು ತಾವೇ ಈ ಕಡೆ ತಿರುಗಿದ್ವು. ಆವಾಗ ಬೂಟಿನಾಗೆ ಪ್ಲೇಟು ಇರ್ಲಿಲ್ಲ ನೋಡು.”

ಎಡ, ಬಲ, ಎಡ, ಬಲ. ಮುರಿಗೆಪ್ಪನಿಗೆ ಅಪ್ಪ ತಿರುವಿನಲ್ಲಿ ನಿಂತಿದ್ದುದು ನೆನಪಿರಲಿಲ್ಲ. ತಾನು ಬರುವಷ್ಟರಲ್ಲಿ ಅವನನ್ನು ಯಾರೋ ಮನೆಗೆ ಕರೆದುಕೊಂಡು ಹೋಗಿರಬೇಕು.

“ಎಷ್ಟು ಹೊತ್ತು ನಿಂತಿದ್ದಿ?”

“ಒಂದು ನಿಮಿಷ ಸಾಕು ಅಂದ್ಕಂಡಿದ್ದೆ. ನೀನು ಅಷ್ಟು ನಿಧಾನ ಅಂತ ನಂಗೆ ಗೊತ್ತಿರಲಿಲ್ಲ.”

ಮುರಿಗೆಪ್ಪನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಯಾವುದೊಂದನ್ನೂ ಮುಗಿಸಲು ಬೂಟು ಬಿಡಲಿಲ್ಲ. ನಾಲ್ಕನೇ ಸಲ ತುದಿಗಾಲಲ್ಲಿ ಎತ್ತಿತು. ಗೋಡೆಯಾಚೆ ವಾಮದೇವಪ್ಪನವರ ಬಿಳಿ ಟೋಪಿ ಹಾದುಹೋಯಿತು. ಆ ಕ್ಷಣಕ್ಕೇ ಬೂಟು ಬಿಲ್ಲಿನಿಂದ ಬಿಟ್ಟಂತೆ ಓಣಿಯಿಂದ ಹೊರಗೆ ಹಾರಿತು.

ಮಿಲ್ ಗೇಟಿದ್ದ ಜಾಗದಲ್ಲಿ ಈಗ ಒಂದು ಬಡಾವಣೆಯ ಕಮಾನು ಇದೆ. ಅದರ ಕೆಳಗೆ ಗೆರೆ ಎಳೆದಿದ್ದರು. ಕೊಟ್ರಮ್ಮ ನೀರಿನ ಬಾಟಲಿ, ನೋವಿನ ಮುಲಾಮು ಹಿಡಿದು ಹಗ್ಗದ ಪಕ್ಕ ನಿಂತಿದ್ದಳು. ದೂರದಲ್ಲಿ ಬಿಳಿ ಟೋಪಿ ಕಂಡಿತು, ಅದರ ಹಿಂದೆ ಸುಂಟರಗಾಳಿಯಂತೆ ಗಂಡ ಬರುವುದು ಕಂಡಿತು. ಇನ್ನೇನು ಹಿಂದೆ ಹಾಕಿದ ಎನ್ನುವಾಗ, ಹತ್ತು ಹೆಜ್ಜೆಯ ಅಂತರದಲ್ಲಿ ಅವನ ವೇಗ ಇಳಿಯಿತು. ಅವರು ಓಡಿದರೆ ಇವನು ಓಡಿದ, ಅವರು ನಡೆದರೆ ಇವನು ನಡೆದ.

ಹಿಂದಿನಿಂದ ಬರುತ್ತಿದ್ದ ಸದ್ದಿಗೆ ವಾಮದೇವಪ್ಪ ಗಾಬರಿಯಾಗಿ ಮೂರು ಸಲ ತಿರುಗಿ ನೋಡಿದರು. ಪಕ್ಕೆ ಹಿಡಿಯಿತು. ಗೆರೆ ಇನ್ನು ಹದಿನೈದು ಹೆಜ್ಜೆ ಇರುವಾಗ ಮೊಣಕಾಲಿಗೆ ಕೈ ಕೊಟ್ಟು ಬಗ್ಗಿ ನಿಂತುಬಿಟ್ಟರು. ಮುರಿಗೆಪ್ಪನೂ ನಿಂತ. ಎಡ, ಬಲ, ಎಡ, ಬಲ.

“ಹೋಗ್ರಿ ಮುರಿಗೆಪ್ಪನವರೇ,” ಎಂದರು ವಾಮದೇವಪ್ಪ, ಏದುಸಿರಿನಲ್ಲಿ.

“ನೀವು ಹೋಗ್ರಿ ಸಾಹೇಬ್ರೆ.”

“ನನಗೆ ಆಗಲ್ಲ. ನೀವು ಹೋಗ್ರಿ.”

“ನಂಗೂ ಆಗಂಗಿಲ್ಲ.”

ಜನ ಚಪ್ಪಾಳೆ ತಟ್ಟಿದರು. ಮೈಕಿನವನು ಇದನ್ನು ಹಿರಿಯರ ದೊಡ್ಡ ಗುಣ ಎಂದು ಬಣ್ಣಿಸತೊಡಗಿದ. ಮುರಿಗೆಪ್ಪನಿಗೆ ಅದಾವುದೂ ಕೇಳಿಸಲಿಲ್ಲ. ಮೀನಖಂಡದಲ್ಲಿ, ತೊಡೆಯಲ್ಲಿ, ಬೆರಳ ತುದಿಯಲ್ಲಿ ಓಡುವ ಶಕ್ತಿ ಬುಗ್ಗೆಯಂತೆ ಒತ್ತುತ್ತಿತ್ತು. ಅಷ್ಟನ್ನೂ ಯಾವುದೋ ಒಂದು ಹಟ ಅದುಮಿ ಹಿಡಿದಿತ್ತು. ಗೆರೆ ಕಣ್ಣೆದುರಿಗೇ ಇದೆ, ಕಾಲಲ್ಲಿ ಬಲವಿದೆ, ಆದರೂ ಹೋಗಬಾರದು. ಇಪ್ಪತ್ತೊಂದು ವರ್ಷದ ಹುಡುಗನೊಬ್ಬ ಇಷ್ಟನ್ನು ತಡೆದುಕೊಂಡು, ಮುಖದಲ್ಲಿ ತೋರಿಸದೆ, ತನ್ನ ಹಿಂದೆ ಹಿಂದೆಯೇ ಬಂದಿದ್ದ. ಆಮೇಲೆ ತನ್ನನ್ನು ಹೆಗಲ ಮೇಲೆ ಹೊತ್ತು ಕುಣಿದಿದ್ದ.

ಮುರಿಗೆಪ್ಪ ಕುಣಿಯುವ ಕಾಲಿಗೇ ಬಗ್ಗಿ, ಎರಡು ಸಲ ಬಿದ್ದು, ದಾರ ಬಿಚ್ಚಿದ. ಬೂಟಿನಿಂದ ಹೊರಗೆ ಬಂದು ಬರಿಗಾಲಲ್ಲಿ ನಿಂತ. ಟಾರು ತಣ್ಣಗಿತ್ತು. ಮೊಣಕಾಲು ಅರವತ್ನಾಲ್ಕು ವರ್ಷದ್ದಾಗಿತ್ತು. ಕುಂಟುತ್ತಾ ವಾಮದೇವಪ್ಪನವರನ್ನು ದಾಟಿದ. ಕುಂಟುತ್ತಲೇ ಗೆರೆಯನ್ನೂ ದಾಟಿದ. ಯಂತ್ರ ಏನೂ ಅನ್ನಲಿಲ್ಲ.

ಅವನು ದಾಟಿದ್ದು ನೋಡಿ ವಾಮದೇವಪ್ಪನವರು ಹೇಗೋ ನೆಟ್ಟಗಾಗಿ ಓಡಿ ಬಂದರು. ಯಂತ್ರ ಕೀಂ ಎಂದಿತು. ಅವರ ಹಿಂದೆ ಹತ್ತು ಹೆಜ್ಜೆ ಬಿಟ್ಟು, ಒಳಗೆ ಯಾರೂ ಇಲ್ಲದ ಎರಡು ಬೂಟುಗಳು ಚಂಗು ಚಂಗೆಂದು ನೆಗೆಯುತ್ತಾ ಬಂದು ಗೆರೆ ದಾಟಿದವು. ಯಂತ್ರ ಮತ್ತೆ ಕೀಂ ಎಂದಿತು.

“ಅರವತ್ತು ದಾಟಿದವರಲ್ಲಿ ಎರಡನೇ ಸ್ಥಾನ, ಮುರಿಗೆಪ್ಪ,” ಎಂದು ಮೈಕಿನವನು ಪರದೆ ನೋಡಿ ಓದಿದ. ಆಮೇಲೆ ಬೂಟು ನೋಡಿ ಮೈಕು ಕೆಳಗಿಟ್ಟ.

“ಇದು ಅನ್ಯಾಯ,” ಎಂದರು ವಾಮದೇವಪ್ಪ. ಅವರು ಲೆಕ್ಕದಲ್ಲಿ ಶಿಸ್ತಿನ ಮನುಷ್ಯ. “ನೀವು ಮೊದಲು ದಾಟಿದ್ದು ನಾನು ಕಣ್ಣಾರೆ ನೋಡಿದೀನಿ. ನಿಮ್ಮ ಮಿಲ್ಲಿನ ಓಟದ ಬಗ್ಗೆ ನಾನು ಹಾಗೆ ಮಾತಾಡಬಾರದಿತ್ತು.”

“ಮಿಲ್ಲಿನ ಓಟದಾಗೆ ನಾನು ಎರಡನೆಯವ ಸಾಹೇಬ್ರೆ,” ಎಂದ ಮುರಿಗೆಪ್ಪ. ಸುತ್ತಲಿದ್ದವರಿಗೆಲ್ಲ ಕೇಳಿಸುವ ಹಾಗೆಯೇ ಹೇಳಿದ. “ಮೊದಲನೆಯವ ಅಗೋ, ಮೊಪೆಡ್ ಮ್ಯಾಲೆ ಕೂತಾನೆ.”

“ಸುಳ್ಳು,” ಎಂದ ದಾದಾಪೀರ್. “ಬಿಸಿಲಿಗೆ ತಲೆ ತಿರುಗೈತೆ ಇವನಿಗೆ.”

ಕೊಟ್ರಮ್ಮ ಬಾಟಲಿ ಕೆಳಗಿಟ್ಟಳು. “ಅಂದ್ರೆ ನಮ್ಮಪ್ಪ ನನ್ನ ಕೊಟ್ಟಿದ್ದು ಎರಡನೇ ನಂಬರಿನೋನಿಗಾ?”

“ಆ ಕತೆ ಆಮೇಲೆ ಹೇಳ್ತೀನಿ ತಂಗಿ,” ಎಂದ ದಾದಾಪೀರ್. “ಮುರಿಗಿ, ಹತ್ತು ಬೇಗ. ಬೂಟು ಹೋಗ್ತಾ ಐತೆ.”

ನಿಜ. ಬಹುಮಾನಕ್ಕೂ ಕಾಯದೆ ಬೂಟುಗಳು ಜನರ ಕಾಲ ಸಂದಿಯಿಂದ ನುಸುಳಿ ಊರ ಕಡೆ ಹೊರಟಿದ್ದವು. ಈಗ ಓಡುತ್ತಿರಲಿಲ್ಲ, ಕೆಲಸ ಮುಗಿಸಿದವರಂತೆ ನಿಧಾನಕ್ಕೆ ನಡೆಯುತ್ತಿದ್ದವು. ಬರಿಗಾಲ ಮುರಿಗೆಪ್ಪ ಹಿಂದಿನ ಸೀಟಿನಲ್ಲಿ ಕೂತು ಗೆಳೆಯನ ಭುಜ ಹಿಡಿದ. ಮೊಪೆಡ್ ಅವುಗಳ ಹಿಂದೆ ಮೆಲ್ಲಗೆ ಸಾಗಿತು.

“ಹಿಡಿಯಾಣೇನು?” ಎಂದ ದಾದಾಪೀರ್.

“ಬ್ಯಾಡ, ನಡಿ. ಅವತ್ತು ಮಿಲ್ಲಿನ ಓಟ ಆದ ಮ್ಯಾಲೆ ನನ್ನ ಮನೆಗೆ ಬಿಟ್ಟು ನೀನು ಕಾಣದಂಗೆ ಹೋದಿ. ಎಲ್ಲಿಗೆ ಹೋಗಿದ್ದಿ?”

“ಸರಿಯಾಗಿ ನೆನಪಿಲ್ಲ ಕಣಲೇ. ಕೆರೆ ಏರಿ ಮ್ಯಾಲೆ ಒಬ್ಬನೇ ಕೂತಿದ್ದೆ ಅನ್ಸುತ್ತೆ. ಕತ್ತಲಾಗೋತಂಕ ಅತ್ತಿರಬೇಕು.”

ಭುಜದ ಮೇಲಿನ ಮುರಿಗೆಪ್ಪನ ಕೈ ತುಸು ಬಿಗಿಯಾಯಿತು.

ಬೂಟುಗಳು ಕೆರೆ ಕಡೆಯ ರಸ್ತೆಯನ್ನು ತಿರುಗಿಯೂ ನೋಡಲಿಲ್ಲ. ಎರಡು ಓಣಿ ದಾಟಿ, ಇವತ್ತಿಗೂ ಅದೇ ಹಸಿರು ಬಾಗಿಲಿರುವ ಬೆಣ್ಣೆ ದೋಸೆ ಹೋಟೆಲಿನ ಮೆಟ್ಟಿಲು ಹತ್ತಿ ಒಳಗೆ ಹೋದವು. ಮೂಲೆಯ ಮೇಜಿನ ಕೆಳಗೆ ಒಂದರ ಪಕ್ಕ ಒಂದು ನಿಂತು, ತುದಿಯನ್ನು ನೆಲಕ್ಕೆ ಟಪಟಪ ಬಡಿಯುತ್ತಾ ಕಾದವು. ಇಬ್ಬರೂ ಆ ಮೇಜಿಗೇ ಹೋಗಿ ಕೂತರು. ಕಲ್ಲಿನ ಮೇಲೆ ಹಿಟ್ಟು ಬಿದ್ದ ಸದ್ದು ಬಂದಾಗಲೆಲ್ಲ ಬೂಟುಗಳ ಟಪಟಪ ಜೋರಾಗುತ್ತಿತ್ತು. ಎರಡು ಸುತ್ತು ದೋಸೆ ಮುಗಿಯಿತು, ಮೂರನೆಯದೂ ಬಂತು. ಬೂಟುಗಳು ಅಲ್ಲಾಡಲಿಲ್ಲ.

ಮುರಿಗೆಪ್ಪ ಗೋಡೆಯ ಗಡಿಯಾರ ನೋಡಿದ. “ಮುಕ್ಕಾಲು ಗಂಟೆ ಆತು. ನೀನು ಅತ್ತಿದ್ದು ಯಾವಾಗಲೇ?”

ದಾದಾಪೀರ್ ಬಟ್ಟಲನ್ನು ಹತ್ತಿರ ಎಳೆದುಕೊಂಡು ದೋಸೆಯ ಚೂರು ಅದ್ದಿದ.

“ಆವಾಗ ಇವರ ಚಟ್ನಿ ಭಾರಿ ಖಾರ ಇರ್ತಿತ್ತು.”